ಇನ್ನೊಂದು ಬಿಸಿಲು ಬೇಕು

ಬನಶಂಕರಿಯ ಓದುಗರೊಬ್ಬರ ಪತ್ರ: "ನಿಮ್ಮ ಪತ್ರಿಕೆ ತಿಂಗಳು ತಿಂಗಳೂ ಅಜ್ಜಿಯರ ಮನೆವಾರ್ತೆಯನ್ನು ಕೊಂಡಾಡುತ್ತದೆ. ನಾನು ಬ್ಯಾಂಕಿನಲ್ಲಿ ದುಡಿಯುವವಳು. ಹೆಸರುಕಾಳನ್ನು ಒಣಗಿಸಿ ಹರಳೆಣ್ಣೆ ಸವರಿಡು ಎಂದು ನಮ್ಮ ಅತ್ತೆ ಹೇಳಿದಾಗ ನಕ್ಕಿದ್ದೆ. ಮಳೆಗಾಲದಲ್ಲಿ ನನ್ನ ಡಬ್ಬಿಗೆ ಹುಳು ಬಿತ್ತು, ಅವರದಕ್ಕೆ ಬೀಳಲಿಲ್ಲ, ಅದು ನಿಜ. ಆದರೂ ಹತ್ತು ನಿಮಿಷದಲ್ಲಿ ಕಾಳುಬೇಳೆ ಬಾಗಿಲಿಗೆ ಬರುವ ಈ ಊರಿನಲ್ಲಿ ಇಷ್ಟೆಲ್ಲ ಪಾಡು ಏಕೆ? ಹಳೆಯ ಕೆಲಸವನ್ನು ಮತ್ತೆ ಹೆಂಗಸರ ಮೇಲೆಯೇ ಹೊರಿಸುತ್ತಿದ್ದೀರಲ್ಲವೇ?"

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಲ್ಲಿ ನ್ಯಾಯವಿದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆ ದುಡಿಮೆಯೆಲ್ಲ ಹೆಂಗಸರ ಪಾಲಿಗೇ ಬಿದ್ದಿತ್ತು. ಎಳೆಗೂಸಿಗೆ ಜೇನು ನೆಕ್ಕಿಸುವುದು, ಬಾಣಂತಿಯ ಮೊದಲ ಹಾಲನ್ನು ಚೆಲ್ಲಿಸುವುದು ಮುಂತಾದ ರೂಢಿಗಳನ್ನು ವೈದ್ಯರು ಬಿಡಿಸಿದ್ದೂ ಸರಿಯೇ. ಉಳಿದ ಮಾತಿನಲ್ಲಿ ನಾನು ನಿಮ್ಮ ಅತ್ತೆಯವರ ಪಕ್ಷ. ಅವರ ಡಬ್ಬಿಗೆ ಹುಳು ಬೀಳಲಿಲ್ಲವೆಂದು ನೀವೇ ಬರೆದಿದ್ದೀರಿ. ಆ ಪ್ರಾಮಾಣಿಕತೆಗಾಗಿಯೇ ಈ ಪತ್ರವನ್ನು ಆರಿಸಿಕೊಂಡೆ.

ಅಜ್ಜಿಯರ ವಿದ್ಯೆ ಎಂದೊಡನೆ ನಮಗೆ ನೆನಪಾಗುವುದು ಸಾರಿನ ಪುಡಿ ಮತ್ತು ಒಬ್ಬಟ್ಟು. ಅಡುಗೆ ಆ ವಿದ್ಯೆಯ ಅರ್ಧಭಾಗವೂ ಆಗಿರಲಿಲ್ಲ. ಒಂದು ಸುಗ್ಗಿಯಲ್ಲಿ ಬಂದದ್ದನ್ನು ಮುಂದಿನ ಸುಗ್ಗಿಯವರೆಗೆ ಕೆಡದಂತೆ ಕಾಯುವ ಜೋಪಾನವೇ ಅದರ ಜೀವಾಳವಾಗಿತ್ತು. ಶಿವರಾತ್ರಿ ಕಳೆದ ಮೇಲೆ ಚಾಮರಾಜಪೇಟೆಯ ನಮ್ಮ ಮನೆಯ ತಾರಸಿಯಲ್ಲಿ ಅಜ್ಜಿ ಹಳೆಯ ಪಂಚೆ ಹಾಸಿ ಕಾಳು ಹರಡುತ್ತಿದ್ದರು. ಅವರ ಹಲ್ಲುಗಳು ಬಿದ್ದುಹೋಗಿದ್ದವಾದ್ದರಿಂದ ಇಳಿಹೊತ್ತಿನಲ್ಲಿ ನನ್ನನ್ನು ಕರೆದು ಒಂದು ಕಾಳು ಕಡಿಸುತ್ತಿದ್ದರು. ಕಟ್ಟೆಂದು ಮುರಿದರೆ ಆಯಿತು. ಹಲ್ಲಿಗೆ ಮೆತ್ತಗೆ ಸಿಕ್ಕಿದರೆ "ಇನ್ನೊಂದು ಬಿಸಿಲು ಬೇಕು" ಎಂದು ಪಂಚೆ ಮಡಿಸುತ್ತಿದ್ದರು. ಒಣಗಿದ ಕಾಳನ್ನು ಆ ಸಂಜೆಯೇ ತುಂಬುವಂತಿರಲಿಲ್ಲ. ಬಿಸಿ ಆರದ ಕಾಳು ಡಬ್ಬಿಯೊಳಗೆ ಬೆವರುತ್ತದೆ, ಬೆವರಿದ್ದು ಮುಗ್ಗುತ್ತದೆ. ರಾತ್ರಿಯೆಲ್ಲ ಆರಲು ಬಿಟ್ಟು, ಬೆಳಗ್ಗೆ ಅಂಗೈಗೆ ಹರಳೆಣ್ಣೆ ಸುರಿದುಕೊಂಡು, ಕಾಳನ್ನು ಬೊಗಸೆ ಬೊಗಸೆಯಾಗಿ ಎತ್ತಿ ಹೊರಳಿಸುತ್ತಿದ್ದರು. ಕಾಳು ಮಿಂಚಬೇಕು, ಬೆರಳಿಗೆ ಜಿಡ್ಡು ಹತ್ತಬಾರದು. ಅದೇ ಅವರ ಅಳತೆ.

ನೀವು ನಕ್ಕ ಆ ಎಣ್ಣೆ ಮಾಡುವ ಕೆಲಸವನ್ನು ನೋಡಿ. ಕಾಳಿನ ಕೀಟ ತನ್ನ ಮೊಟ್ಟೆಯನ್ನು ಸಿಪ್ಪೆಯ ಮೇಲೆ ಅಂಟಿಸುತ್ತದೆ, ಮರಿಹುಳು ಸಿಪ್ಪೆಯನ್ನು ಕೊರೆದು ಒಳಸೇರುತ್ತದೆ, ಅದು ಬೆಳೆದು ದುಂಡು ತೂತು ಮಾಡಿ ಹೊರಬಂದಾಗಲೇ ನಮಗೆ ಗೊತ್ತಾಗುವುದು. ಎಣ್ಣೆ ಸವರಿದ ಸಿಪ್ಪೆಗೆ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ, ಅಂಟಿದರೂ ಅದಕ್ಕೆ ಉಸಿರು ಕಟ್ಟುತ್ತದೆ. ಕೃಷಿ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿ, ಕೆಜಿಗೆ 5ರಿಂದ 10 ಮಿಲಿ ಎಣ್ಣೆ ಸಾಕೆಂದು ಹೇಳುತ್ತಾರೆ. ಹಳೇ ಮೈಸೂರು ಸೀಮೆಯ ರಾಗಿ ಹಗೇವಿನ ಕತೆಯೂ ಇಂಥದ್ದೇ. ಕಿರಿದಾದ ಬಾಯಿಯ ಆ ನೆಲಗುಳಿಯನ್ನು ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿಯಲ್ಲಿ ಪ್ರಾಣವಾಯು ಕುಂದುತ್ತದೆ, ಹುಳು ಬದುಕುವುದಿಲ್ಲ, ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯಬಾರದೆಂದು ಹಿರಿಯರು ಗದರಿಸುತ್ತಿದ್ದುದೂ ಆ ಕಾರಣಕ್ಕೇ. ಇಂದು ಗಾಳಿಯಾಡದ ಚೀಲಗಳೆಂದು ಮಾರುತ್ತಿರುವುದು ಇದೇ ತತ್ವವನ್ನು.

ಕನ್ನಡದಲ್ಲಿ ಇಂಥ ತಿಳಿವಳಿಕೆಯನ್ನು ಬರೆದಿಡುವುದು ಹೊಸತೇನಲ್ಲ. ಎರಡನೆಯ ಚಾವುಂಡರಾಯ 1025ರ ಸುಮಾರಿಗೇ ತನ್ನ ಲೋಕೋಪಕಾರದಲ್ಲಿ ನೀರಿನ ಸೆಲೆ ಹುಡುಕುವುದರ ಜೊತೆಗೆ ಪಾಕಶಾಸ್ತ್ರಕ್ಕೂ ಜಾಗ ಕೊಟ್ಟ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಅಡುಗೆಗೆಂದೇ ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದ. ಕವಿಗಳ ಹೆಸರು ಉಳಿಯಿತು. ಕಾಳು ಕಡಿಸಿ ನೋಡಿದವರ ಹೆಸರು ಎಲ್ಲಿಯೂ ಇಲ್ಲ, ಅವರ ಮಾತುಗಳೂ ಈಗ ಹೋಗುತ್ತಿವೆ. ನೆಲುವು (ಪಾತ್ರೆ ಇಡಲು ಸೂರಿನಿಂದ ಇಳಿಬಿಟ್ಟ ಹಗ್ಗದ ತೂಗು), ಅಡಕಲು ಗಡಿಗೆ (ಒಂದರ ಮೇಲೊಂದು ಪೇರಿಸಿಟ್ಟ ಗಡಿಗೆ), ವಾಡೆ (ಕಾಳು ತುಂಬುವ ದೊಡ್ಡ ಮಣ್ಣಿನ ಪಾತ್ರೆ) ಎಂದರೆ ಏನೆಂದು ನಮ್ಮ ಕಚೇರಿಯ ಕಿರಿಯರನ್ನು ಕೇಳಿದೆ. ಮೂರನ್ನೂ ಬಲ್ಲವರು ಒಬ್ಬರೂ ಇರಲಿಲ್ಲ.

ನನ್ನ ಸಿಟ್ಟು ನಿಮ್ಮ ಮೇಲಲ್ಲ, ಈ ವಿದ್ಯೆಗೆ ಜಾಗವನ್ನೇ ಇಲ್ಲದಂತೆ ಮಾಡಿದ ನಗರದ ಮೇಲೆ. ಬೆಂಗಳೂರಿನ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲು ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿಗೆ ಹೇಳಿ ಮಾಡಿಸಿದ್ದು. ಆದರೆ ನನಗೆ ಗೊತ್ತಿರುವ ಒಂದು ದೊಡ್ಡ ವಸತಿ ಸಮುಚ್ಚಯದಲ್ಲಿ, ಕಟ್ಟಡದ ಅಂದ ಕೆಡುತ್ತದೆಂದು ಬಾಲ್ಕನಿಯಲ್ಲಿ ಏನನ್ನೂ ಒಣಹಾಕಬಾರದೆಂಬ ನಿಯಮವಿದೆ. ತಾರಸಿಗೆ ಬೀಗ ಹಾಕಿದ್ದಾರೆ. ಅಲ್ಲಿ ಮಗನೊಂದಿಗಿರುವ ಎಪ್ಪತ್ತು ದಾಟಿದ ಹಿರಿಯರೊಬ್ಬರು ಅರಳು ಸಂಡಿಗೆಯ ತಟ್ಟೆಯನ್ನು ಕಿಟಕಿಯೊಳಗೆ ಬೀಳುವ ಒಂದು ಗೇಣು ಬಿಸಿಲಿನ ಹಿಂದೆ ಸರಿಸುತ್ತಾ ಕುಳಿತಿದ್ದುದನ್ನು ನಾನೇ ನೋಡಿದ್ದೇನೆ.

ಹತ್ತು ನಿಮಿಷದ ಮಾತಿಗೆ ಬರುತ್ತೇನೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾಗಿ ಮನೆಬಾಗಿಲಿಗೆ ಬರುತ್ತಿದ್ದ ಸಾಮಾನು ನಿಂತಾಗ, ನಮ್ಮ ಬೀದಿಯ ಮೂರು ಮನೆಯವರು ಬೇಳೆ ಕೇಳಿಕೊಂಡು ಬಂದರು. ನಮ್ಮಲ್ಲಿ ಕೊಡುವಷ್ಟಿತ್ತು, ಏಕೆಂದರೆ ಪ್ರತಿ ಬೇಸಿಗೆಯಲ್ಲಿ ಕಾಳುಬೇಳೆ ಒಣಗಿಸಿ ತುಂಬುವ ಕೆಲಸವನ್ನು ನಾನು ಮತ್ತು ನನ್ನ ಮಗ ಮಾಡುತ್ತೇವೆ. ಹೆಂಗಸರ ಮೇಲೆ ಹೊರಿಸಬೇಡಿ ಎಂಬ ನಿಮ್ಮ ಮಾತಿಗೆ ನನ್ನ ಉತ್ತರವೂ ಅದೇ: ನಿಮ್ಮ ಯಜಮಾನರನ್ನೂ ಮಕ್ಕಳನ್ನೂ ಕಾಳಿನ ಮುಂದೆ ಕೂರಿಸಿ.

ಒಂದು ಕೋರಿಕೆಯಿದೆ. ನಿಮ್ಮ ಅತ್ತೆಯವರು ಕಾಳಿಗೆ ಎಷ್ಟು ಬಿಸಿಲು ಕೊಡುತ್ತಾರೆ, ಸೇರಿಗೆ ಎಷ್ಟು ಎಣ್ಣೆ ಹಿಡಿಸುತ್ತಾರೆ, ಡಬ್ಬಿಯ ತಳಕ್ಕೆ ಬೇವಿನ ಸೊಪ್ಪು ಹಾಕುತ್ತಾರೆಯೇ ಎಂದು ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಬರೆದು ಕಳುಹಿಸಿ. ಯುಗಾದಿ ಸಂಚಿಕೆಯಲ್ಲಿ ಅವರ ಹೆಸರಿನಲ್ಲಿಯೇ ಪ್ರಕಟಿಸುತ್ತೇವೆ.