ಡಿಎಲ್-103 ಕೊಳ್ಳುವ ಮುಂಚೆ ಆಂಪ್ ಹಿಂದೆ ಬಗ್ಗಿ ನೋಡಿ

ನಿಮ್ಮ ಹತ್ತಿರ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ ಇದೆ, ಅದರ ಮೇಲೆ ಆರ್ಟೊಫಾನ್ 2ಎಂ ರೆಡ್ ಕಾರ್ಟ್ರಿಡ್ಜ್ (ತೋಳಿನ ತುದಿಯಲ್ಲಿ ಮುಳ್ಳು ಹೊತ್ತಿರುವ ಭಾಗ) ಕೂತಿದೆ, ಮೊದಲ ಮೂವಿಂಗ್ ಕಾಯಿಲ್ ಆಗಿ ಡೆನಾನ್ ಡಿಎಲ್-103 ತಗೊಳ್ಳಲಾ ಅಂತ ಕೇಳಿದ್ದೀರಿ. ತಗೊಳ್ಳಿ, ನಿಮ್ಮ ಟರ್ನ್‌ಟೇಬಲ್‌ಗೆ ಅದು ಒಗ್ಗುತ್ತದೆ. ಆದರೆ ದುಡ್ಡು ಕಟ್ಟುವ ಮುಂಚೆ ಒಮ್ಮೆ ಆಂಪ್ ಹಿಂದೆ ಬಗ್ಗಿ ನೋಡಿ. ಟರ್ನ್‌ಟೇಬಲ್ ಚುಚ್ಚುವ ಫೋನೋ ಇನ್‌ಪುಟ್ ಪಕ್ಕದಲ್ಲಿ ಎಂಸಿ, ಅಂದರೆ ಮೂವಿಂಗ್ ಕಾಯಿಲ್, ಅಂತ ಎಲ್ಲಾದರೂ ಬರೆದಿದೆಯಾ?

2ಎಂ ರೆಡ್ ಕೊಡುವುದು 5.5 ಮಿಲಿವೋಲ್ಟ್. 103 ಕೊಡುವುದು 0.3. ಹದಿನೆಂಟರಲ್ಲಿ ಒಂದು ಪಾಲು! ರೆಡ್‌ನಲ್ಲಿ ಮುಳ್ಳಿನ ಜೊತೆ ಅಲ್ಲಾಡುವುದು ಆಯಸ್ಕಾಂತ, ಇದರಲ್ಲಿ ತಂತಿಯ ಸುರುಳಿ. ಸುರುಳಿ ಹಗುರ ಇರಬೇಕು, ಹಾಗಾಗಿ ಸುತ್ತು ಕಡಿಮೆ, ವೋಲ್ಟೇಜೂ ಕಡಿಮೆ. ರೆಡ್‌ನಂಥ ಮೂವಿಂಗ್ ಮ್ಯಾಗ್ನೆಟ್ (ಎಂಎಂ) ಕಾರ್ಟ್ರಿಡ್ಜಿಗಿರುವ ಇನ್‌ಪುಟ್ಟಿನ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಅಳತೆ, ಸುಮಾರು 40 ಡಿಬಿ, ಇದಕ್ಕೆ 60ರ ಹತ್ತಿರ ಬೇಕು. ನಾನು ಇದನ್ನೆಲ್ಲ ನೋಡದೆ ಸುಮ್ನೆ ತಂದು ಹಾಕಿದ್ದೆ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ತಂಬೂರಿಗಿಂತ ಹಮ್ಮೇ ಜೋರಾಗಿತ್ತು.

1:10ರ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹಾಕಿದರೆ 0.3 ಹೋಗಿ 3 ಆಗುತ್ತದೆ, ಎಂಎಂ ಇನ್‌ಪುಟ್ಟೇ ಸಾಕಾಗುತ್ತದೆ. ಆದರೆ ಒಳ್ಳೆಯ ಟ್ರಾನ್ಸ್‌ಫಾರ್ಮರಿಗೆ ಕಾರ್ಟ್ರಿಡ್ಜಿಗಿಂತ ಜಾಸ್ತಿ ಬೀಳಬಹುದು. ಮೂಗಿಗಿಂತ ಮೂಗುತಿ ಭಾರ.

ಎಂಸಿ ಇನ್‌ಪುಟ್ ಇಲ್ಲದಿದ್ದರೆ ನಾನು ಹೇಳುವುದು ಡಿಎಲ್-110. ಅದೂ ಮೂವಿಂಗ್ ಕಾಯಿಲ್ಲೇ, ಆದರೆ 1.6 ಮಿಲಿವೋಲ್ಟ್ ಕೊಡುತ್ತದೆ. ನಿಮ್ಮ ಈಗಿನ ಇನ್‌ಪುಟ್ಟಿಗೇ ಚುಚ್ಚಬಹುದು, ವಾಲ್ಯೂಮ್ ಸ್ವಲ್ಪ ಏರಿಸಬೇಕು ಅಷ್ಟೇ. ತೂಕ ಬರೀ 4.8 ಗ್ರಾಂ. ಹಾಗಾಗಿ ತೋಳು ಸರಿಯಾಗಿ ತೂಗಲು, ಟೆಕ್ನಿಕ್ಸ್ ಡಬ್ಬದಲ್ಲಿ ಬರುವ ಹೆಡ್‌ಶೆಲ್ (ಕಾರ್ಟ್ರಿಡ್ಜ್ ಕೂರಿಸುವ ತಲೆ) ತೂಕದ ತುಂಡು ಹುಡುಕಿ ಇಟ್ಟುಕೊಳ್ಳಿ.

103 ಹುಟ್ಟಿದ್ದು 1960ರ ದಶಕದಲ್ಲಿ, ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ. ದಿನವಿಡೀ ಪ್ಲೇಟು ಬದಲಿಸುವ ಕೈಗಳಿಗೆ ಮಾಡಿದ್ದು, ಹಾಗಾಗಿ ಗಟ್ಟಿಮುಟ್ಟು, ಮುಳ್ಳಿನ ಅಲುಗಾಟ ಸ್ವಲ್ಪ ಬಿಗಿ. ಮುಳ್ಳಿನ ಮೇಲೆ 2.5 ಗ್ರಾಂ ಭಾರ ಕೊಡಬೇಕು, ತೋಳೂ ತೂಕದ್ದಿರಬೇಕು. ನಿಮ್ಮದು ಸುಮಾರು 12 ಗ್ರಾಮಿನ ತೋಳು, ಚಿಂತೆಯಿಲ್ಲ. 6 ಗ್ರಾಮಿನ ಕಾರ್ಬನ್ ತೋಳಾಗಿದ್ದರೆ ಬೇಡ ಅನ್ನುತ್ತಿದ್ದೆ.

103ರ ಒಂದು ಕೊರತೆ ಹೇಳಲೇಬೇಕು. ಮುಳ್ಳಿನ ತುದಿ ಗುಂಡಗಿದೆ. ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಲೇಬಲ್ ಹತ್ತಿರ 21ಕ್ಕೆ ಇಳಿಯುತ್ತದೆ. ಅಲ್ಲಿ ಸಣ್ಣ ಸಣ್ಣ ತಿರುವುಗಳು ಗುಂಡು ತುದಿಗೆ ಪೂರ್ತಿ ಸಿಗುವುದಿಲ್ಲ. ನಮ್ಮ ಖಯಾಲ್ ಎಲ್‌ಪಿಗಳಲ್ಲಿ ನಿಧಾನದ ವಿಲಂಬಿತ್ ಹೊರಗಡೆ, ವೇಗದ ದ್ರುತ್ ಒಳಗಡೆ ಅಲ್ವಾ? ಭೀಮಸೇನ ಜೋಶಿಯವರ ತಾನುಗಳು ಸರಿಯಾಗಿ ಆ ಇಕ್ಕಟ್ಟಿನ ಜಾಗಕ್ಕೇ ಬಂದು ಬೀಳುತ್ತವೆ. ಮಧ್ಯ ಸ್ಥಾಯಿಯ ದನಿ ಮಾತ್ರ 103ರಲ್ಲಿ ಎಷ್ಟು ತುಂಬಿಕೊಂಡಿರುತ್ತದೆ ಅಂದರೆ, ನಾನು ಈ ತಪ್ಪನ್ನು ಕ್ಷಮಿಸಿಬಿಟ್ಟಿದ್ದೇನೆ. ನಿಮಗೆ ತಡೆಯಲ್ಲ ಅಂದರೆ ಎಲಿಪ್ಟಿಕಲ್ (ಅಂಡಾಕಾರದ) ತುದಿಯ ಆಡಿಯೋ-ಟೆಕ್ನಿಕಾ ಎಟಿ-ಒಸಿ9ಎಕ್ಸ್‌ಇಬಿ ನೋಡಿ. ಅದಕ್ಕೂ ಎಂಸಿ ಇನ್‌ಪುಟ್ ಬೇಕು.

ಇನ್ನೊಂದು ವಿಷಯ. ರೆಡ್‌ನಲ್ಲಿ ಮುಳ್ಳು ಸವೆದರೆ ಎಳೆದು ಬೇರೆ ಹಾಕುತ್ತೀರಿ. ಈ ಮೂವಿಂಗ್ ಕಾಯಿಲ್‌ಗಳಲ್ಲಿ ಆ ಅನುಕೂಲ ಇಲ್ಲ, ಮುರಿದರೆ ಇಡೀ ಕಾರ್ಟ್ರಿಡ್ಜೇ ಹೋಯಿತು. 103ರ ಆಯಸ್ಕಾಂತವೂ ಜೋರು. ಕೂರಿಸುವಾಗ ನನ್ನ ಕಬ್ಬಿಣದ ಸ್ಕ್ರೂಡ್ರೈವರ್ ಕೈಯಿಂದ ಎಳೆದುಕೊಂಡ ಹಾಗೆ ಹೋಗಿ ಟಪ್ ಅಂತ ಅದಕ್ಕೆ ಅಂಟಿಕೊಂಡಿತ್ತು. ಮುಳ್ಳಿಗೆ ಮುಚ್ಚುವ ಗಾರ್ಡ್ ಹಾಕಿದ್ದಕ್ಕೆ ಅದು ಉಳಿಯಿತು. ನೀವೂ ಕೊನೆಯ ಸ್ಕ್ರೂ ಬಿಗಿ ಆಗುವ ತನಕ ಗಾರ್ಡ್ ತೆಗೆಯಬೇಡಿ.