ಫ್ರಿಜ್ ತಣ್ಣಗಿಲ್ಲದಾಗ ಉಳಿದ ಅನ್ನ, ಹುಳಿಯನ್ನು ಕುದಿಸಿ ತಿನ್ನಬಹುದೇ?

ಫ್ರಿಜ್‌ನ ಕೆಳಭಾಗ ಎರಡು ದಿನಗಳಿಂದ ತಣ್ಣಗಿಲ್ಲ, ಆದರೂ ಅನ್ನ, ಹುಳಿ ಹಳಸಿದ ವಾಸನೆ ಬರುತ್ತಿಲ್ಲ, ಚೆನ್ನಾಗಿ ಕುದಿಸಿದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಮೂರು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ರಾಜಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ನನಗೂ ಇದೇ ಸಂದೇಹ ಬಂದಿತ್ತು. ಸಾಕು ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಮೇಲಿನ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗಿಯೇ ಇತ್ತು, ಕೆಳಗಿನ ಹಾಲಿನ ಪ್ಯಾಕೆಟ್ ಮಾತ್ರ ಮಡಕೆಯ ನೀರಿನಷ್ಟೇ ತಂಪಾಗಿತ್ತು. (ಹಿಮ ಕರಗಿಸುವ ಡಿಫ್ರಾಸ್ಟ್ ಹೀಟರ್ ಕೆಟ್ಟು, ತಂಪು ಕೊಡುವ ಕಾಯಿಲ್ ಸುತ್ತ ಹಿಮ ಕಟ್ಟಿಕೊಂಡು, ತಣ್ಣನೆಯ ಗಾಳಿ ಕೆಳಗೆ ಬಾರದಂತಾಗಿತ್ತೆಂದು ರಿಪೇರಿಯವರು ಆಮೇಲೆ ತೋರಿಸಿದರು.) ಅನ್ನ ಚೆಲ್ಲಬಾರದೆಂದು ಕಲಿತ ಮನೆ ನಮ್ಮದು. ಹಿಂದಿನ ಮಧ್ಯಾಹ್ನದ ಅನ್ನವನ್ನು ಮೂಸಿ ನೋಡಿ, ಒಗ್ಗರಣೆಗೆ ಹಾಕಿ, ಹಬೆಯೇಳುವವರೆಗೂ ಬಾಣಲೆಯಲ್ಲಿ ಬಿಸಿಮಾಡಿ, ನಿಂಬೆರಸ ಹಿಂಡಿ ಚಿತ್ರಾನ್ನ ಮಾಡಿದೆ. ಬಿಸಿ ತಾಗಿದ ಮೇಲೆ ಇನ್ನೇನು ಉಳಿದೀತು ಎಂಬ ಧೈರ್ಯ ನನ್ನದು.

ನಾನು ಎಡವಿದ್ದು ಅಲ್ಲಿಯೇ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುವುದು ಸಾಮಾನ್ಯ, ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಂದ ಅನ್ನ ತಣ್ಣಗಾಗದೆ ಗಂಟೆಗಟ್ಟಲೆ ಉಳಿದರೆ ಅವು ಚಿಗುರಿ, ಬೆಳೆದು, ವಾಂತಿ ತರಿಸುವ ವಿಷವನ್ನು ಅನ್ನದೊಳಗೆ ಬಿಡುತ್ತವೆ. ಬಾಣಲೆಯ ಬಿಸಿಗೆ ಬ್ಯಾಕ್ಟೀರಿಯಾ ಸತ್ತರೂ ಆ ವಿಷ 100 ಡಿಗ್ರಿಯಲ್ಲಿ ಕುದಿಸಿದರೂ ಹಾಗೆಯೇ ಉಳಿಯುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅಂದರೆ ನಾನು ಸತ್ತ ಕಳ್ಳನನ್ನು ಹಿಡಿದು, ಅವನು ಬಾವಿಗೆ ಹಾಕಿಹೋದ ವಿಷವನ್ನು ಮರೆತಿದ್ದೆ. ತಿಂದ ಮೂರು ಗಂಟೆಯೊಳಗೆ ನಮ್ಮ ತಂದೆಯವರಿಗೆ ವಾಂತಿ ಶುರುವಾಗಿ, ಸಂಜೆಗೆ ಡ್ರಿಪ್ ಹಾಕಿಸಬೇಕಾಯಿತು. ವೈದ್ಯರು ಮೊದಲು ವಿಚಾರಿಸಿದ್ದೇ ಅನ್ನದ ಬಗ್ಗೆ. ಚಿತ್ರಾನ್ನ ಮಾಡಿದವನು ನಾನು, ಎರಡನೆಯ ಸಲ ಬಡಿಸಿದವನೂ ನಾನೇ.

ಆದ್ದರಿಂದ ಎಷ್ಟು ಹೊತ್ತು ಕುದಿಸಬೇಕೆಂಬ ಲೆಕ್ಕವನ್ನೇ ಕೈಬಿಡಿ. 5 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಎರಡು ಗಂಟೆಗೂ ಮೀರಿ ಉಳಿದ ಅನ್ನ, ಹುಳಿ, ಪಲ್ಯ, ಕಾಯಿಚಟ್ನಿ, ಹಾಲು, ಪನೀರ್, ಬೇಯಿಸಿದ ಮಾಂಸ ಎಲ್ಲವನ್ನೂ ಹಸಿ ಕಸಕ್ಕೆ ಹಾಕಿ. ಪುಣ್ಯ ಬರುತ್ತದೆಂದು ಬೀದಿಯ ಹಸುವಿನ ಮುಂದೆ ಸುರಿಯಬೇಡಿ. ಉಪ್ಪಿನಕಾಯಿ, ತುಪ್ಪ, ನಿಂಬೆಹಣ್ಣು, ಹೆಚ್ಚದ ತರಕಾರಿಗಳಿಗೆ ಭಯವಿಲ್ಲ. ಬರೀ ಕರೆಂಟ್ ಹೋಗಿದ್ದರೆ ಮಾತು ಬೇರೆ, ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮದು ಎರಡು ದಿನದ ಕಥೆ. ರಿಪೇರಿಯಾದ ಮೇಲೆ ಒಂದು ಫ್ರಿಜ್ ಥರ್ಮಾಮೀಟರ್ ಕೊಂಡು ಹಾಲಿನ ಪಕ್ಕದಲ್ಲಿಡಿ, ಫ್ರೀಜರ್‌ನ ಐಸ್ ನೋಡಿ ಕೆಳಗಿನ ತಂಪನ್ನು ಅಳೆಯಬೇಡಿ. ನಮ್ಮ ಮನೆಯಲ್ಲಿ ಈಗ ಬೆಳಿಗ್ಗೆ ಹಾಲು ತೆಗೆಯುವ ಮೊದಲು ಅದನ್ನು ಓದಿ ಹೇಳುವವರು ತಂದೆಯವರೇ.