ಓದುಗರ ಪ್ರಶ್ನೆ, ನಮ್ಮ ಉತ್ತರ: ಎಲ್ಲವೂ ದೇವರ ಚಿತ್ತವೇ?

ಪ್ರಶ್ನೆ: "ದೇವರ ಚಿತ್ತವಿಲ್ಲದೆ ಏನೂ ನಡೆಯದು" ಎಂದು ಮಕ್ಕಳಿಗೆ ಕಲಿಸಿದೆ. ಏಳನೇ ಕ್ಲಾಸಿನ ಹುಡುಗ ಥಟ್ಟನೆ, "ಹಾಗಾದ್ರೆ ಕೊಲೆ ಮಾಡಿಸೋದೂ ದೇವರೇನಾ ಟೀಚರ್?" ಎಂದ. ಏನು ಹೇಳಬೇಕಿತ್ತು?
ಸಂಡೇ ಸ್ಕೂಲ್ ಶಿಕ್ಷಕಿ, ಗದಗ

ಉತ್ತರ: ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ, ಗದರಬೇಡಿ. "ಚಿತ್ತ" ಎಂಬ ಒಂದೇ ಪದವನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ, ತೊಡಕೆಲ್ಲ ಅಲ್ಲಿಯದು. ಕೊಲ್ಲಬಾರದೆಂಬ ಆಜ್ಞೆ ದೇವರ ಚಿತ್ತ. ಅದನ್ನು ಮನುಷ್ಯ ದಿನವೂ ಮೀರುತ್ತಾನೆ. ಮೀರಿದರೂ ಲೋಕ ಕೈತಪ್ಪದಂತೆ ನಡೆಸುವ ಸಂಕಲ್ಪವೂ ದೇವರ ಚಿತ್ತ. ಅದನ್ನು ಯಾರೂ ಮೀರಲಾರರು. ಕರ್ತನ ಪ್ರಾರ್ಥನೆಯಲ್ಲಿ "ನಿನ್ನ ಚಿತ್ತ ನೆರವೇರಲಿ" ಎಂದು ಬೇಡುವುದು ಮೊದಲನೆಯದನ್ನು. ಅದು ಆಗಲೇ ಎಲ್ಲೆಡೆ ನೆರವೇರುತ್ತಿದ್ದರೆ ಬೇಡುವುದೇಕೆ?

ಮುಂದಿನ ವಾರ ಆದಿಕಾಂಡ 50:20 ತೆಗೆಯಿರಿ. ನೀವು ನನಗೆ ಕೇಡನ್ನು ಎಣಿಸಿದಿರಿ, ದೇವರು ಒಳಿತನ್ನು ಎಣಿಸಿದರು ಎಂದು ಯೋಸೇಫ ತನ್ನನ್ನು ಮಾರಿದ್ದ ಅಣ್ಣಂದಿರಿಗೆ ಹೇಳುವ ಜಾಗ. ಹೀಬ್ರೂ ಮೂಲದಲ್ಲಿ ಎರಡೂ ಕಡೆ "ಹಾಷವ್" ಎಂಬ ಒಂದೇ ಕ್ರಿಯಾಪದವಿದೆ. ಅಣ್ಣಂದಿರು ಕೆಡಿಸಿದ್ದಕ್ಕೆ ದೇವರು ಆಮೇಲೆ ಬಂದು ತೇಪೆ ಹಾಕಿದರು ಎಂದಲ್ಲ. ಘಟನೆ ಒಂದು, ಎಣಿಕೆ ಎರಡು. 20 ಬೆಳ್ಳಿ ನಾಣ್ಯಕ್ಕೆ ತಮ್ಮನನ್ನು ಮಾರಿದ ಪಾಪ ಮಾತ್ರ ಅಣ್ಣಂದಿರದೇ. ಅಪೊಸ್ತಲರ ಕೃತ್ಯಗಳು 2:23ರಲ್ಲಿ ಪೇತ್ರನೂ ಶಿಲುಬೆಯ ಬಗ್ಗೆ ಇದೇ ರೀತಿ ಮಾತಾಡುತ್ತಾನೆ: ದೇವರ ಸಂಕಲ್ಪ, ಕೊಂದವರ ಅಪರಾಧ, ಎರಡೂ ಒಂದೇ ವಾಕ್ಯದಲ್ಲಿ.

ಇನ್ನು ದೊಡ್ಡವರ ವಿಚಾರ. ಇಲ್ಲಿ ಸಭೆಗಳೆಲ್ಲ ಒಂದೇ ರಾಗ ಹಾಡುವುದಿಲ್ಲ. ದೇವರು ನೈತಿಕ ಕೇಡಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕಾರಣರಲ್ಲ, ಅದಕ್ಕೆ ಅವಕಾಶ ಕೊಡುತ್ತಾರೆ ಅಷ್ಟೆ ಎನ್ನುತ್ತದೆ ಕಥೋಲಿಕ ಧರ್ಮೋಪದೇಶ. ಬರೀ "ಅವಕಾಶ" ಎಂದು ಹೇಳಿ ಜಾರಿಕೊಳ್ಳುವುದನ್ನು 16ನೇ ಶತಮಾನದ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಒಪ್ಪಲಿಲ್ಲ. ಅದೇ ಪರಂಪರೆಯ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ತನ್ನ 3ನೇ ಅಧ್ಯಾಯದಲ್ಲಿ, ನಡೆಯುವುದನ್ನೆಲ್ಲ ದೇವರೇ ನೇಮಿಸಿದ್ದಾರೆ, ಆದರೂ ಅವರು ಪಾಪದ ಕರ್ತೃ ಅಲ್ಲ ಎಂದು ಎರಡನ್ನೂ ಬಿಗಿಹಿಡಿಯುತ್ತದೆ. ಡಚ್ ದೇವಶಾಸ್ತ್ರಜ್ಞ ಆರ್ಮಿನಿಯಸ್‌ನ (1560–1609) ದಾರಿ ಹಿಡಿದವರು ಮನುಷ್ಯನ ಸ್ವಾತಂತ್ರ್ಯಕ್ಕೆ ಹೆಚ್ಚು ಒತ್ತು ಕೊಡುತ್ತಾರೆ. ನಮ್ಮನ್ನು ಕೇಳಿದರೆ, "ಅವಕಾಶ" ಎಂಬ ಪದ ಏಳನೇ ಕ್ಲಾಸಿಗೆ ಸಾಕು, ಅದರ ಮೇಲಿನವರಿಗೆ ಸಾಲದು. ತಡೆಯಬಲ್ಲವರು ಏಕೆ ತಡೆಯಲಿಲ್ಲ ಎಂಬ ಪ್ರಶ್ನೆ ಅಲ್ಲೇ ಕೂತಿರುತ್ತದೆ.

ಪ್ರಶ್ನೆ: ಯೆಶಾಯ 45:7ರಲ್ಲಿ ಕೇಡನ್ನೂ ತಾನೇ ಉಂಟುಮಾಡುತ್ತೇನೆ ಎನ್ನುವ ದೇವರು, ಇಸ್ರಾಯೇಲ್ಯರನ್ನು ಬಿಡದ ಈಜಿಪ್ಟಿನ ಅರಸ ಫರೋಹನ ಹೃದಯವನ್ನೂ ತಾನೇ ಕಠಿಣಮಾಡಿ ಮತ್ತೆ ಶಿಕ್ಷಿಸುವುದು ನ್ಯಾಯವೇ?
ಓದುಗರು, ಹುಬ್ಬಳ್ಳಿ

ಉತ್ತರ: ಯೆಶಾಯನಲ್ಲಿರುವ ಹೀಬ್ರೂ ಪದ "ರಾ". ಪಾಪ, ವಿಪತ್ತು ಎರಡಕ್ಕೂ ಅದು ಸಲ್ಲುತ್ತದೆ. ಯಾವುದೆಂದು ಎದುರಿಗಿರುವ ಪದ ನೋಡಿ ತಿಳಿಯಬೇಕು. ಇಲ್ಲಿ ಎದುರಿಗಿರುವುದು "ಶಾಲೋಮ್", ಸುಖ-ಸಮಾಧಾನ. ಮಾತು ಪರ್ಷಿಯದ ಕೋರೆಷ ರಾಜನ ದಂಡಯಾತ್ರೆಯದು. ಆದ್ದರಿಂದ ಅರ್ಥ ವಿಪತ್ತು, ಪಾಪವಲ್ಲ.

ಫರೋಹನ ವಿಷಯದಲ್ಲಿ ಪೆನ್ಸಿಲ್ ಹಿಡಿದು ವಿಮೋಚನಕಾಂಡ 7ರಿಂದ 9ರವರೆಗೆ ಗುರುತು ಹಾಕುತ್ತ ಹೋಗಿ. ದೇವರು ಈಜಿಪ್ಟಿನ ಮೇಲೆ ಬರಮಾಡಿದ ಬಾಧೆಗಳಲ್ಲಿ ಮೊದಲ 5ರಲ್ಲಿ ಅವನ ಹೃದಯ ಕಠಿಣವಾಯಿತು, ಇಲ್ಲವೇ ಅವನೇ ಕಠಿಣಮಾಡಿಕೊಂಡ ಎಂದಿದೆ. ಕರ್ತನು ಕಠಿಣಮಾಡಿದನು ಎಂಬ ಮಾತು ಬಾಧೆಗಳ ನಡುವೆ ಮೊದಲು ಸಿಗುವುದು 6ನೆಯದಾದ ಹುಣ್ಣುಗಳ ಬಾಧೆಯಲ್ಲಿ, 9:12ರಲ್ಲಿ. ಆದರೆ ಇಷ್ಟಕ್ಕೇ ಗೆದ್ದೆವೆಂದು ಪುಸ್ತಕ ಮುಚ್ಚಬೇಡಿ. ಫರೋಹನ ಹೃದಯವನ್ನು ತಾನೇ ಕಠಿಣಮಾಡುವೆನೆಂದು 4:21ರಲ್ಲೇ ದೇವರು ಮುಂದಾಗಿ ಹೇಳಿದ್ದಾರೆ. ಪೌಲನೂ ರೋಮಾ 9ರಲ್ಲಿ ಅದನ್ನು ಮೃದುಮಾಡುವುದಿಲ್ಲ.

ಪ್ರಶ್ನೆ: ಪಕ್ಕದ ಮನೆಯ ಮೂರು ವರ್ಷದ ಮಗು ತೀರಿಹೋಯಿತು. ಪ್ರಾರ್ಥನೆಗೆ ಬಂದ ಒಬ್ಬರು "ಮನೆಯಲ್ಲಿ ಯಾವುದೋ ಪಾಪ ಇರಬೇಕು" ಎಂದುಬಿಟ್ಟರು. ನಾವು ಹೋದರೆ ಏನು ಹೇಳುವುದು?
ಓದುಗರು, ಹಾಸನ

ಉತ್ತರ: ಅವರು ಹೇಳಿದ್ದು "ಮಾಡಿದ್ದುಣ್ಣೋ ಮಹಾರಾಯ" ಎಂಬ ಗಾದೆಯನ್ನೇ, ಸುವಾರ್ತೆಯಲ್ಲ. ಹುಟ್ಟುಕುರುಡನನ್ನು ತೋರಿಸಿ ಪಾಪ ಯಾರದು ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದರು ಯೇಸು (ಯೋಹಾನ 9:3). ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿಯೂ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇನಲ್ಲ (ಲೂಕ 13:4).

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು 7 ಹಗಲು 7 ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಬಾಯಿಬಿಟ್ಟ ಮೇಲೆ ಕೆಟ್ಟಿತು. ಯೋಬ 42:7ರಲ್ಲಿ ದೇವರು ಸಿಟ್ಟಾದದ್ದು ತನ್ನ ಪರ ವಾದಿಸಿದ ಈ ಗೆಳೆಯರ ಮೇಲೆ, ದೂರಿದ ಯೋಬನ ಮೇಲಲ್ಲ. ಆದ್ದರಿಂದ ಹೋಗಿ, ಕೂತುಕೊಳ್ಳಿ, ಅನ್ನ-ಸಾರು ಕೊಂಡೊಯ್ಯಿರಿ. "ದೇವರಿಗೆ ಬೇಕಾಗಿತ್ತು, ಕರೆದುಕೊಂಡರು" ಎನ್ನಬೇಡಿ. ತಾಯಿಯ ಕಿವಿಗೆ ಅದು ಮಗುವನ್ನು ಕಿತ್ತುಕೊಂಡ ದೇವರ ವರ್ಣನೆಯಾಗಿ ಬೀಳುತ್ತದೆ. ಓದಲು ಹೇಳಿದರೆ ಕೀರ್ತನೆ 13 ಓದಿ. ಆರೇ ವಚನ, ಮೊದಲ ಎರಡರಲ್ಲೇ "ಎಷ್ಟರ ತನಕ" ಎಂಬ ಮೊರೆ 4 ಸಲ. ಅಳುವವರಿಗೆ ದೇವರ ಮುಂದೆ ದೂರುವ ಹಕ್ಕು ಅದರಿಂದ ಸಿಗುತ್ತದೆ.

ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳಿತಿಗಾಗಿಯೇ ಆಗುತ್ತದೆ ಎನ್ನುವ ರೋಮಾ 8:28 ಸುಳ್ಳೆಂದಲ್ಲ. ಆದರೆ ಅದೇ ಅಧ್ಯಾಯದಲ್ಲಿ ಸೃಷ್ಟಿ ನರಳುತ್ತದೆ (22), ನಾವು ನರಳುತ್ತೇವೆ (23), ಪವಿತ್ರಾತ್ಮನೂ ನರಳುತ್ತಾನೆ (26). ಓದುವುದಾದರೆ 22ರಿಂದ ಶುರುಮಾಡಿ.